ಮರಣದಂಡನೆಯ ವಿರುದ್ಧ ಯುವಜನರ ಅಭಿಯಾನ: ಕೊಲೆಯಾದವರ ಮನೆಯವರಿಗೆ ನಾವು ಏನು ಹೇಳಬೇಕು?

ಪ್ರಶ್ನೆ: ನ್ಯಾಯಾಸಕ್ತೆ

ಎಲ್ಲರಿಗೂ ನಮಸ್ಕಾರ. ಕಾನೂನು, ಸಮಾಜಶಾಸ್ತ್ರ, ಪತ್ರಿಕೋದ್ಯಮ ಓದುತ್ತಿರುವ ನಾವು ಕೆಲವರು ಸೇರಿ, ಮರಣದಂಡನೆಯನ್ನು ಕಾನೂನಿನಿಂದಲೇ ತೆಗೆದುಹಾಕಬೇಕೆಂದು ಒತ್ತಾಯಿಸುವ ಬಳಗವೊಂದನ್ನು ಕಟ್ಟಿಕೊಂಡಿದ್ದೇವೆ. ನಮ್ಮಲ್ಲಿ ಹೆಚ್ಚಿನವರು ಇಪ್ಪತ್ತೈದು ದಾಟದವರು. 2003ರಿಂದ ಪ್ರತಿವರ್ಷ ಅಕ್ಟೋಬರ್ 10ನ್ನು ಮರಣದಂಡನೆ ವಿರೋಧಿ ವಿಶ್ವ ದಿನವೆಂದು ಆಚರಿಸಲಾಗುತ್ತಿದ್ದು, ಈ ಬಾರಿ ಆ ದಿನಕ್ಕಾಗಿ ಭಿತ್ತಿಪತ್ರಗಳ ಪ್ರದರ್ಶನ, ಸಹಿ ಸಂಗ್ರಹ ಮತ್ತು ಸಾರ್ವಜನಿಕ ಸಂವಾದವನ್ನು ಹಮ್ಮಿಕೊಳ್ಳಲು ಸಿದ್ಧತೆ ನಡೆಸಿದ್ದೇವೆ.

ಸಿದ್ಧತೆಯ ಭಾಗವಾಗಿ ನಡೆಸಿದ ಒಂದು ಸಭೆಯಲ್ಲಿ ಗಲ್ಲುಶಿಕ್ಷೆಯ ನಿರೀಕ್ಷೆಯಲ್ಲಿರುವ ಕೈದಿಗಳ ಬದುಕಿನ ವಿವರಗಳನ್ನು ನಾವು ಓದಿದೆವು. ಓದು ಮುಗಿದ ಮೇಲೆ ಮಧ್ಯವಯಸ್ಸಿನ ಮಹಿಳೆಯೊಬ್ಬರು ಎದ್ದುನಿಂತು, ತಮ್ಮ ತಮ್ಮನ ಕೊಲೆಯಾಗಿದೆ ಎಂದು ಹೇಳಿ, ಏರುದನಿಯಿಲ್ಲದೆ ಒಂದು ಮಾತು ಕೇಳಿದರು: “ನೀವು ಓದಿದ್ದರಲ್ಲಿ ಕೈದಿಗಳ ಹೆಸರಿತ್ತು, ಅವರ ತಾಯಂದಿರ ಮಾತಿತ್ತು. ಸತ್ತವರ ಹೆಸರು ಒಂದೂ ಇರಲಿಲ್ಲವಲ್ಲ, ಮಗಳೇ?” ಸಭೆಯಲ್ಲಿದ್ದ ಯಾರ ಬಳಿಯೂ ಅದಕ್ಕೆ ಉತ್ತರವಿರಲಿಲ್ಲ. ನಮ್ಮ ಬಳಗದ ಇಬ್ಬರು ಆನಂತರ ಈ ಕೆಲಸದಿಂದ ಹಿಂದೆ ಸರಿದಿದ್ದಾರೆ.

ರಾಜ್ಯಕ್ಕೆ ಯಾರ ಪ್ರಾಣವನ್ನೂ ತೆಗೆಯುವ ಅಧಿಕಾರ ಇರಬಾರದೆಂಬ ನನ್ನ ನಂಬಿಕೆ ಆ ಪ್ರಶ್ನೆಯಿಂದ ಕದಲಿಲ್ಲ. ಆದರೆ ಅದನ್ನು ನೊಂದವರ ಮುಂದೆ ಯಾವ ಮಾತಿನಲ್ಲಿ, ಯಾವ ಅರ್ಹತೆಯಿಂದ ಹೇಳಬೇಕು ಎಂಬುದು ತಿಳಿಯುತ್ತಿಲ್ಲ. ಮನೆಯ ಹಿರಿಯರು, ಇದೆಲ್ಲ ಬಿಸಿರಕ್ತದ ಮಾತು, ವಯಸ್ಸಾದ ಮೇಲೆ ಅರ್ಥವಾಗುತ್ತದೆ ಎನ್ನುತ್ತಾರೆ. ಗಲ್ಲುಶಿಕ್ಷೆಯಿಂದ ಅಪರಾಧ ಕಡಿಮೆಯಾಗುವುದಿಲ್ಲ ಎಂದು ನಮ್ಮ ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೇವೆ. ಆ ಮಾತು ಎಷ್ಟು ಗಟ್ಟಿ ಎಂದು ಒಬ್ಬ ಅಧ್ಯಾಪಕರು ಕೇಳಿದ್ದಾರೆ. ನ್ಯಾಯಾಲಯ, ಸೆರೆಮನೆ, ಸಂಶೋಧನೆ, ಅಭಿಯಾನ ಇವುಗಳಲ್ಲಿ ಯಾವುದಾದರೂ ಒಂದನ್ನು ಹತ್ತಿರದಿಂದ ಕಂಡವರು, ಅದರಲ್ಲೂ ನಮ್ಮ ನಿಲುವನ್ನು ಒಪ್ಪದವರು, ದಯವಿಟ್ಟು ಬಿಚ್ಚುಮನಸ್ಸಿನಿಂದ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಹಳೆಯ ವಕೀಲ

ತಂಗಿ, ಮೊದಲಿಗೆ ವಯಸ್ಸಿನ ಮಾತನ್ನು ಮುಗಿಸಿಬಿಡೋಣ. ಮರಣದಂಡನೆಯನ್ನು ತರ್ಕಬದ್ಧವಾಗಿ ಪ್ರಶ್ನಿಸಿ ಯುರೋಪಿನ ಅರಸರನ್ನೂ ಯೋಚನೆಗೆ ಹಚ್ಚಿದ ಕೃತಿಯನ್ನು ಮಿಲಾನ್ ನಗರದ ಚೆಸಾರೆ ಬೆಕ್ಕಾರಿಯಾ 1764ರಲ್ಲಿ ಪ್ರಕಟಿಸಿದಾಗ ಅವನಿಗೆ ಇಪ್ಪತ್ತಾರು ವರ್ಷ, ಮತ್ತು ಆ ಪುಸ್ತಕ ಲೇಖಕನ ಹೆಸರಿಲ್ಲದೆ ಹೊರಬಂದಿತ್ತು. ಅದಾಗಿ ಇಪ್ಪತ್ತೆರಡು ವರ್ಷಕ್ಕೆ, 1786ರ ನವೆಂಬರ್ 30ರಂದು, ಇಂದಿನ ಇಟಲಿಯಲ್ಲಿರುವ ಟಸ್ಕನಿಯ ದೊರೆ ಲಿಯೋಪೋಲ್ಡ್ ತನ್ನ ಸಂಸ್ಥಾನದಲ್ಲಿ ಮರಣದಂಡನೆಯನ್ನು ರದ್ದುಪಡಿಸಿದನು. ಆ ದಿನದ ನೆನಪಿಗೆ ಇಂದಿಗೂ ನವೆಂಬರ್ 30ರಂದು ಜಗತ್ತಿನ ಹಲವು ನಗರಗಳಲ್ಲಿ ಸಾರ್ವಜನಿಕ ಸ್ಮಾರಕಗಳಿಗೆ ದೀಪ ಹಚ್ಚುವ ಕಾರ್ಯಕ್ರಮವನ್ನು ನಡೆಸುತ್ತಿರುವ ಸಂತ ಎಜಿದಿಯೊ ಎಂಬ ಕ್ಯಾಥೊಲಿಕ್ ಸಮುದಾಯವೂ 1968ರಲ್ಲಿ ರೋಮ್‌ನ ಪ್ರೌಢಶಾಲಾ ವಿದ್ಯಾರ್ಥಿಗಳು ಕಟ್ಟಿದ್ದೇ ಆಗಿದೆ. ಆದ್ದರಿಂದ ಎಳೆಯರಿಗೆ ಇದರಲ್ಲಿ ಏನು ಕೆಲಸ ಎನ್ನುವವರಿಗೆ ಚರಿತ್ರೆಯೇ ಉತ್ತರ ಕೊಟ್ಟಿದೆ.

ಎಳೆಯರ ಉತ್ಸಾಹ ಏನನ್ನು ಸಾಧಿಸಬಲ್ಲದು, ಎಲ್ಲಿ ದಾರಿ ತಪ್ಪಬಲ್ಲದು ಎಂಬೆರಡನ್ನೂ ಒಂದೇ ಪ್ರಕರಣದಲ್ಲಿ ನೋಡಬೇಕಿದ್ದರೆ ಅಮೆರಿಕದ ಇಲಿನಾಯ್ ರಾಜ್ಯದ ಆಂಟನಿ ಪೋರ್ಟರ್ ಪ್ರಕರಣವನ್ನು ಓದಿ. 1982ರಲ್ಲಿ ಶಿಕಾಗೋದ ಉದ್ಯಾನವೊಂದರಲ್ಲಿ ನಡೆದ ಜೋಡಿ ಕೊಲೆಗಾಗಿ ಆತನಿಗೆ ಮರಣದಂಡನೆಯಾಗಿತ್ತು. 1998ರ ಸೆಪ್ಟೆಂಬರ್‌ನಲ್ಲಿ ಶಿಕ್ಷೆ ಜಾರಿಗೆ ಎರಡೇ ದಿನ ಉಳಿದಿದ್ದಾಗ, ತನಗೇನಾಗುತ್ತಿದೆ ಎಂದು ತಿಳಿಯುವಷ್ಟು ಬುದ್ಧಿಶಕ್ತಿ ಆತನಿಗಿದೆಯೇ ಎಂಬುದನ್ನು ಪರೀಕ್ಷಿಸಲು ರಾಜ್ಯದ ಸುಪ್ರೀಂ ಕೋರ್ಟ್ ತಡೆ ನೀಡಿತು. ಆ ಬಿಡುವಿನಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿಗಳು ತಮ್ಮ ಪ್ರಾಧ್ಯಾಪಕರೊಂದಿಗೆ ಕಡತವನ್ನು ತೆರೆದು ಕುಳಿತರು. ಅವರು ಘಟನೆ ನಡೆದ ಜಾಗಕ್ಕೇ ಹೋಗಿ, ಸಾಕ್ಷಿದಾರನು ತಾನು ನಿಂತಿದ್ದೆನೆಂದು ಹೇಳಿದ ಸ್ಥಳದಿಂದ ಗುಂಡು ಹಾರಿಸಿದವನ ಮುಖ ನಿಜವಾಗಿಯೂ ಕಾಣಲು ಸಾಧ್ಯವೇ ಎಂದು ನೋಡಿದರು. ಆ ಸಾಕ್ಷಿದಾರನು ಮುಂದೆ ತನ್ನ ಹೇಳಿಕೆಯನ್ನು ಹಿಂದಕ್ಕೆ ಪಡೆದನು. 1999ರ ಫೆಬ್ರುವರಿಯಲ್ಲಿ ಪೋರ್ಟರ್ ಹೊರಬಂದನು. 2000ದ ಜನವರಿಯಲ್ಲಿ ಗವರ್ನರ್ ಜಾರ್ಜ್ ರಯಾನ್ ಮರಣದಂಡನೆಯ ಜಾರಿಯನ್ನೇ ನಿಲ್ಲಿಸಿದರು. 1977ರಿಂದ ಅಲ್ಲಿಯವರೆಗೆ ಆ ರಾಜ್ಯ 12 ಮಂದಿಯನ್ನು ಕೊಂದಿತ್ತು, ಮರಣದಂಡನೆಗೆ ಗುರಿಪಡಿಸಿದ್ದ 13 ಮಂದಿಯನ್ನು ದೋಷಮುಕ್ತರೆಂದು ಬಿಡುಗಡೆ ಮಾಡಿತ್ತು. 2003ರಲ್ಲಿ ಅದೇ ಗವರ್ನರ್ 167 ಮಂದಿಯ ಶಿಕ್ಷೆಯನ್ನು ಇಳಿಸಿದರು, 2011ರಲ್ಲಿ ಇಲಿನಾಯ್ ಮರಣದಂಡನೆಯನ್ನು ಕೈಬಿಟ್ಟಿತು.

ಅಭಿಯಾನದವರು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಉಳಿದದ್ದನ್ನೂ ನೀವು ತಿಳಿದಿರಬೇಕು. ಪೋರ್ಟರ್ ಬಿಡುಗಡೆಗೆ ಕಾರಣವಾದ ಇನ್ನೊಂದು ಅಂಶವೆಂದರೆ, ಆ ತಂಡದೊಂದಿಗೆ ಕೆಲಸ ಮಾಡುತ್ತಿದ್ದ ಖಾಸಗಿ ಪತ್ತೇದಾರನೊಬ್ಬನು ಮತ್ತೊಬ್ಬ ವ್ಯಕ್ತಿಯಿಂದ ಪಡೆದು ಚಿತ್ರೀಕರಿಸಿಕೊಂಡ ತಪ್ಪೊಪ್ಪಿಗೆ. ಆ ಮತ್ತೊಬ್ಬನು ಸುಮಾರು ಹದಿನೈದು ವರ್ಷ ಸೆರೆಯಲ್ಲಿದ್ದ ಮೇಲೆ, ಅಭಿಯೋಜಕರ ಕಚೇರಿಯೇ ಮರುಪರಿಶೀಲನೆ ನಡೆಸಿ, ಆ ತಪ್ಪೊಪ್ಪಿಗೆಯನ್ನು ಪಡೆದ ರೀತಿ ಒತ್ತಾಯದ್ದಾಗಿತ್ತು ಎಂದು ಹೇಳಿ 2014ರಲ್ಲಿ ಅವನನ್ನು ಬಿಡುಗಡೆ ಮಾಡಿಸಿತು. ಪೊಲೀಸರು ಒಬ್ಬನನ್ನು ಬೆದರಿಸಿ ಹೇಳಿಕೆ ಪಡೆಯುವುದು ಅನ್ಯಾಯವಾದರೆ, ಒಳ್ಳೆಯ ಉದ್ದೇಶವುಳ್ಳವರು ಹಾಗೆ ಮಾಡುವುದೂ ಅನ್ಯಾಯವೇ. ನಿಮ್ಮ ಬಳಗಕ್ಕೆ ನಾನು ಹೇಳಬೇಕಾದುದು ಮುಖ್ಯವಾಗಿ ಇದು: ನೀವು ಎತ್ತಿ ತೋರಿಸುವ ಪ್ರತಿಯೊಂದು ಪ್ರಕರಣದ ಕಡತವನ್ನು ಪೂರ್ತಿ ಓದಿರಬೇಕು, ನಿಮಗೆ ಅನನುಕೂಲವಾದ ಪುಟಗಳನ್ನೂ ಸೇರಿಸಿ.

ಓದುವ ಕ್ರಮವನ್ನೂ ಹೇಳುತ್ತೇನೆ. ಗಲ್ಲುಶಿಕ್ಷೆ ವಿಧಿಸಿದ ಯಾವುದಾದರೂ ಒಂದು ಸೆಷನ್ಸ್ ತೀರ್ಪನ್ನು ತೆಗೆದುಕೊಂಡು, ದೋಷಿಯೆಂದು ತೀರ್ಮಾನಿಸಿದ ದಿನಾಂಕವನ್ನೂ ಶಿಕ್ಷೆ ವಿಧಿಸಿದ ದಿನಾಂಕವನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಎರಡೂ ಒಂದೇ ದಿನವಾಗಿರುವ ತೀರ್ಪುಗಳು ನಿಮಗೆ ಸಿಗುತ್ತವೆ. ಸಾಕ್ಷಿಗಳ ಮುಖ್ಯ ವಿಚಾರಣೆ, ಪಾಟೀ ಸವಾಲು, ವೈದ್ಯಕೀಯ ವರದಿ ಎಲ್ಲವೂ ಹತ್ತಾರು ಪುಟ ತುಂಬಿರುವಾಗ, ಶಿಕ್ಷೆಯ ಪ್ರಮಾಣದ ಬಗ್ಗೆ ಇರುವ ಭಾಗದಲ್ಲಿ ಆರೋಪಿಯ ಇಡೀ ಬದುಕು ಎರಡು ಸಾಲಿನಲ್ಲಿ ಮುಗಿದಿರುತ್ತದೆ: ಬಡವನು, ವೃದ್ಧ ತಂದೆತಾಯಿಯರಿದ್ದಾರೆ, ಕನಿಕರ ತೋರಬೇಕು. 1980ರಲ್ಲಿ ಬಚನ್ ಸಿಂಗ್ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಮರಣದಂಡನೆಯನ್ನು ಸಂವಿಧಾನಬದ್ಧವೆಂದು ಎತ್ತಿಹಿಡಿದರೂ, ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಅದನ್ನು ಮಿತಿಗೊಳಿಸಿ, ಅಪರಾಧದ ಜೊತೆಗೆ ಅಪರಾಧಿಯನ್ನೂ ನೋಡಬೇಕೆಂದು ಹೇಳಿತ್ತು. ಆ ಎರಡು ಸಾಲಿನಲ್ಲಿ ಯಾವ ಮನುಷ್ಯನನ್ನು ನೋಡಲು ಸಾಧ್ಯ?

ಆ ಕೊರತೆಯನ್ನು ತುಂಬಿದವರಲ್ಲಿಯೂ ವಿದ್ಯಾರ್ಥಿಗಳಿದ್ದಾರೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸೆರೆಮನೆಗಳಿಗೆ ಹೋಗಿ ಮರಣದಂಡನೆಗೆ ಗುರಿಯಾದ 373 ಮಂದಿಯ ಸಂದರ್ಶನಗಳನ್ನು ದಾಖಲಿಸಿದರು. 2016ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಅವರಲ್ಲಿ ಶೇಕಡಾ 74ರಷ್ಟು ಮಂದಿ ಆರ್ಥಿಕವಾಗಿ ದುರ್ಬಲರು. ಇಂಥ ಕೆಲಸಕ್ಕೆ ಘೋಷಣೆ ಬೇಕಾಗುವುದಿಲ್ಲ. ಟಿಪ್ಪಣಿ ಪುಸ್ತಕ, ತಾಳ್ಮೆ ಮತ್ತು ಅನುಮತಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಕಾಲು ಬೇಕಾಗುತ್ತದೆ.

ಉತ್ತರ: ತಂದೆಯನ್ನು ಕಳೆದುಕೊಂಡವಳು

ನ್ಯಾಯಾಸಕ್ತೆಯವರೇ, ನಿಮ್ಮ ಸಭೆಯಲ್ಲಿ ಎದ್ದುನಿಂತ ಆ ಮಹಿಳೆಯ ಸ್ಥಾನದಲ್ಲಿ ನಾನೂ ಇರಬಹುದಿತ್ತು. ನನ್ನ ತಂದೆಯವರ ಕೊಲೆಯಾಯಿತು, ಕೊಂದವನಿಗೆ ಕೆಳ ನ್ಯಾಯಾಲಯ ಮರಣದಂಡನೆ ವಿಧಿಸಿತು, ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. ಮರಣದಂಡನೆಯ ಬಗ್ಗೆ ನನ್ನ ನಿಲುವು ಏನೆಂದು ಕೇಳಿದರೆ ಇಂದು ನಾನು ಅದರ ವಿರುದ್ಧ ಎಂದೇ ಹೇಳುತ್ತೇನೆ. ಆದರೆ ಆ ನಿಲುವಿಗೆ ನಾನು ಬಂದ ದಾರಿ ನಿಮ್ಮ ಕರಪತ್ರದಲ್ಲಿ ಇರುವ ದಾರಿಯಲ್ಲ.

ತೀರ್ಪು ಬಂದ ದಿನ ಬಂಧುಗಳೆಲ್ಲ ಫೋನ್ ಮಾಡಿ, ಅಂತೂ ನ್ಯಾಯ ಸಿಕ್ಕಿತಲ್ಲ ಎಂದರು. ಗಲ್ಲುಶಿಕ್ಷೆಯನ್ನು ಹೈಕೋರ್ಟ್ ದೃಢೀಕರಿಸುವವರೆಗೆ ಅದು ಜಾರಿಯಾಗುವುದಿಲ್ಲ, ಆಮೇಲೆ ಸರ್ವೋಚ್ಚ ನ್ಯಾಯಾಲಯ, ಪುನರ್‌ಪರಿಶೀಲನೆ, ಕ್ಷಮಾದಾನ ಅರ್ಜಿ ಎಂದು ಮುಂದೆಯೂ ಮೆಟ್ಟಿಲುಗಳಿವೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಒಂದೊಂದು ವಾಯಿದೆಯ ಸುದ್ದಿ ಬಂದಾಗಲೂ ನನ್ನ ತಾಯಿಯವರು ಆ ರಾತ್ರಿಯನ್ನು ಮತ್ತೆ ಮೊದಲಿನಿಂದ ಬದುಕುತ್ತಿದ್ದರು. ತಂದೆಯವರ ಕೈಗಡಿಯಾರ ಮುದ್ದೆಮಾಲಾಗಿ, ಅಂದರೆ ಪ್ರಕರಣದ ಸಾಕ್ಷ್ಯವಸ್ತುವಾಗಿ, ನ್ಯಾಯಾಲಯದ ವಶದಲ್ಲಿತ್ತು. ಚೀಟಿ ಕಟ್ಟಿ, ಅರಗಿನ ಮುದ್ರೆ ಒತ್ತಿದ ಸಣ್ಣ ಬಟ್ಟೆಯ ಗಂಟಿನಲ್ಲಿ ಅದನ್ನು ಇಟ್ಟಿದ್ದರು. ತಾಯಿಯವರು ಕೇಳಿದ್ದು ಆ ಗಡಿಯಾರವನ್ನು ಮಾತ್ರ. ಮೇಲ್ಮನವಿ ಬಾಕಿ ಇದೆ ಎಂಬ ಒಂದೇ ಕಾರಣಕ್ಕೆ ಅದು ಅವರ ಕೈಗೆ ಬರಲು ವರ್ಷಗಳೇ ಹಿಡಿದವು. ಸರ್ಕಾರವು ನಮ್ಮ ಹೆಸರಿನಲ್ಲಿ ಒಬ್ಬನನ್ನು ಕೊಲ್ಲಲು ಸಿದ್ಧವಿತ್ತು, ಆದರೆ ಪರಿಹಾರದ ಅರ್ಜಿ ಎಲ್ಲಿ ಕೊಡಬೇಕೆಂದು ಹೇಳುವ ಒಬ್ಬ ಸಿಬ್ಬಂದಿಯನ್ನು ನಮ್ಮ ಮನೆಗೆ ಕಳುಹಿಸಲು ಅದರಿಂದ ಆಗಲಿಲ್ಲ. ನನ್ನ ಮನಸ್ಸು ಬದಲಾದದ್ದು ಅಲ್ಲಿ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರವಿಷ್ಟು. ನೊಂದವರ ಬಳಿ ಸಹಿಗಾಗಿ ಹೋಗಬೇಡಿ. ಕ್ಷಮಿಸಿ ಎಂದು ಎಂದಿಗೂ ಹೇಳಬೇಡಿ. ಕ್ಷಮೆ ನಮ್ಮದು, ಅದನ್ನು ಕೊಡುವುದೂ ಬಿಡುವುದೂ ನಮಗೆ ಸೇರಿದ್ದು. ಸತ್ತವರು ಯಾರು, ಏನು ಕೆಲಸ ಮಾಡುತ್ತಿದ್ದರು, ಮನೆಯಲ್ಲಿ ಅವರನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿ. ಪ್ರಕರಣ ಯಾವ ಹಂತದಲ್ಲಿದೆ ಎಂದು ತಿಳಿದು ಬಂದು ಹೇಳುವುದು, ಆದೇಶದ ಪ್ರತಿ ತಂದುಕೊಡುವುದು, ಪರಿಹಾರಕ್ಕೆ ಅರ್ಜಿ ಬರೆದುಕೊಡುವುದು, ಸಾಕ್ಷಿ ಹೇಳುವ ದಿನ ಜೊತೆಗೆ ಕುಳಿತಿರುವುದು: ಕಾನೂನು ಓದುತ್ತಿರುವ ನಿಮಗೆ ಇವು ಸಾಧ್ಯ. ಇದನ್ನೆಲ್ಲ ಪಡೆದ ಮೇಲೂ ಅವರು ಗಲ್ಲೇ ಆಗಬೇಕು ಎಂದರೆ, ಅದನ್ನು ಕೇಳಿಸಿಕೊಂಡು, ವಾದಕ್ಕಿಳಿಯದೆ ಎದ್ದುಬನ್ನಿ, ಮತ್ತು ಸಹಾಯವನ್ನು ಮುಂದುವರಿಸಿ. ಅಮೆರಿಕದಲ್ಲಿ ತನ್ನ ಅತ್ತೆಯವರನ್ನು ಕೊಲೆಯಲ್ಲಿ ಕಳೆದುಕೊಂಡ ಮೇರಿ ಡೀನ್ಸ್ ಎಂಬವರು 1976ರಲ್ಲಿಯೇ ಮರಣದಂಡನೆಯನ್ನು ವಿರೋಧಿಸುವ ಸಂತ್ರಸ್ತ ಕುಟುಂಬಗಳ ಸಂಘಟನೆಯನ್ನು ಆರಂಭಿಸಿದ್ದರು. ಅಂಥವರ ಮಾತನ್ನು ಓದಿ, ಆದರೆ ಎಲ್ಲ ಸಂತ್ರಸ್ತರೂ ಹೀಗೇ ಯೋಚಿಸುತ್ತಾರೆಂದು ವೇದಿಕೆಯಲ್ಲಿ ಹೇಳಬೇಡಿ. ನನ್ನ ಸ್ವಂತ ಅಣ್ಣನೇ ನನ್ನ ಈ ನಿಲುವನ್ನು ಇಂದಿಗೂ ಒಪ್ಪಿಲ್ಲ.

ಉತ್ತರ: ಭಿನ್ನಾಭಿಪ್ರಾಯ

ಒಪ್ಪದವರೂ ಬರೆಯಬೇಕೆಂದು ಕೇಳಿದ್ದೀರಿ, ಅದಕ್ಕಾಗಿ ವಂದನೆಗಳು. ಮರಣದಂಡನೆಯು ತೀರಾ ವಿರಳವಾಗಿಯಾದರೂ ಕಾನೂನಿನಲ್ಲಿ ಉಳಿಯಬೇಕು ಎನ್ನುವವನು ನಾನು. ಪ್ರತೀಕಾರದ ಆಸೆಯಿಂದ ಈ ಮಾತು ಹೇಳುತ್ತಿಲ್ಲ. ಮಗುವೊಂದನ್ನು ಹಿಂಸಿಸಿ ಕೊಂದವನಿಗೂ ಜಗಳದ ಭರದಲ್ಲಿ ಕೈಮಾಡಿ ಕೊಲೆಗಾರನಾದವನಿಗೂ ಸಮಾಜವು ಒಂದೇ ಶಿಕ್ಷೆಯನ್ನು ಕೊಟ್ಟರೆ, ಎರಡು ಕೃತ್ಯಗಳ ನಡುವಿನ ಅಂತರವನ್ನು ಸಮಾಜ ಗುರುತಿಸಲಿಲ್ಲ ಎಂದಾಗುತ್ತದೆ ಎಂಬುದು ನನ್ನ ಅಳುಕು. ನೂರಾರು ಜನರನ್ನು ಬಾಂಬಿಟ್ಟು ಕೊಂದವರ ಪ್ರಕರಣಗಳ ಬಗ್ಗೆ ನಿಮ್ಮಂಥ ಬಳಗಗಳು ಮೌನವಾಗಿರುತ್ತವೆ, ಅನುಮಾನಕ್ಕೆ ಎಡೆಯಿರುವ ಪ್ರಕರಣಗಳನ್ನು ಮಾತ್ರ ಮುಂದಿಡುತ್ತವೆ. ಭಾರತದ ಕಾನೂನು ಆಯೋಗವು 2015ರ ತನ್ನ 262ನೆಯ ವರದಿಯಲ್ಲಿ ಮರಣದಂಡನೆಯ ರದ್ದತಿಗೆ ಶಿಫಾರಸು ಮಾಡಿದಾಗಲೂ ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರುವ ಅಪರಾಧಗಳನ್ನು ಹೊರಗಿಟ್ಟಿತ್ತು. ನೀವು ಅಲ್ಲಿಗೆ ನಿಲ್ಲುತ್ತೀರಾ, ಅಥವಾ ಅದನ್ನೂ ದಾಟಿ ಹೋಗುತ್ತೀರಾ?

ಇನ್ನೊಂದು ವ್ಯಾವಹಾರಿಕ ಪ್ರಶ್ನೆ. ಜೀವಾವಧಿ ಎಂದು ಶಿಕ್ಷೆಯಾದವನು ಹದಿನಾಲ್ಕು ವರ್ಷಕ್ಕೆ, ಸನ್ನಡತೆ ಎಂಬ ಹೆಸರಿನಲ್ಲಿ, ಸಂತ್ರಸ್ತರ ಓಣಿಗೇ ಹಿಂದಿರುಗಿ ಬರುತ್ತಾನೆ ಎಂಬ ಭಯ ಜನರಿಗಿದೆ. ಆ ಭಯಕ್ಕೆ ನಿಮ್ಮ ಬಳಗ ಏನು ಉತ್ತರ ಕೊಡುತ್ತದೆ? ಬದಲಿ ಶಿಕ್ಷೆ ಯಾವುದು ಎಂದು ಸ್ಪಷ್ಟವಾಗಿ ಹೇಳದ ಅಭಿಯಾನವನ್ನು ನನ್ನಂಥವರು ಒಪ್ಪುವುದು ಕಷ್ಟ.

ಉತ್ತರ: ಸಂಖ್ಯಾಶಾಸ್ತ್ರ ಬೋಧಕ

ಭಿನ್ನಾಭಿಪ್ರಾಯದ ಮಿತ್ರರು ಸರಿಯಾದ ಪ್ರಶ್ನೆಗಳನ್ನೇ ಎತ್ತಿದ್ದಾರೆ. ಅವುಗಳಿಗೆ ಬರುವ ಮೊದಲು ಕರಪತ್ರದ ಮಾತನ್ನು ನೋಡೋಣ, ಏಕೆಂದರೆ ಅದು ನನ್ನ ವಿಷಯ.

“ಗಲ್ಲುಶಿಕ್ಷೆಯಿಂದ ಅಪರಾಧ ಕಡಿಮೆಯಾಗುವುದಿಲ್ಲ” ಎಂಬ ವಾಕ್ಯವನ್ನು ತೆಗೆದು, “ಗಲ್ಲುಶಿಕ್ಷೆಯು ದೀರ್ಘ ಸೆರೆವಾಸಕ್ಕಿಂತ ಹೆಚ್ಚಾಗಿ ಕೊಲೆಗಳನ್ನು ತಡೆಯುತ್ತದೆ ಎಂಬುದಕ್ಕೆ ನಂಬಬಹುದಾದ ಪುರಾವೆ ಇಲ್ಲ” ಎಂದು ಬರೆಯಿರಿ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 2012ರಲ್ಲಿ ಅಲ್ಲಿನ ಮೂರು ದಶಕಗಳ ಅಧ್ಯಯನಗಳನ್ನು ಪರಿಶೀಲಿಸಿ, ಮರಣದಂಡನೆಯಿಂದ ಕೊಲೆಗಳು ಹೆಚ್ಚುತ್ತವೆ, ಕಡಿಮೆಯಾಗುತ್ತವೆ ಅಥವಾ ಹಾಗೆಯೇ ಇರುತ್ತವೆ ಎಂಬ ಯಾವ ತೀರ್ಮಾನಕ್ಕೂ ಅವುಗಳನ್ನು ಆಧಾರವಾಗಿ ಬಳಸಬಾರದು ಎಂದು ಹೇಳಿತು. ಕೆನಡಾದಲ್ಲಿ 1976ರಲ್ಲಿ ಕೊಲೆ ಅಪರಾಧಕ್ಕೆ ಮರಣದಂಡನೆ ರದ್ದಾದ ಮೇಲೆ, ನಂತರದ ದಶಕಗಳಲ್ಲಿ ಕೊಲೆಯ ಪ್ರಮಾಣ ಏರುವ ಬದಲು ಇಳಿಯಿತು ಎಂಬುದು ನಿಜ. ಆದರೆ ರದ್ದತಿಯಿಂದಾಗಿಯೇ ಇಳಿಯಿತು ಎಂದು ಹೇಳಲು ಬರುವುದಿಲ್ಲ. ರದ್ದುಪಡಿಸಿದರೆ ಕೊಲೆಗಳು ಮಿತಿಮೀರುತ್ತವೆ ಎಂಬ ಭಯ ಅಲ್ಲಿ ನಿಜವಾಗಲಿಲ್ಲ ಎಂದಷ್ಟೇ ಹೇಳಬಹುದು. ಒಬ್ಬ ಮನುಷ್ಯನ ಪ್ರಾಣ ತೆಗೆಯಬೇಕೆನ್ನುವವರು ಅದರಿಂದಾಗುವ ಪ್ರಯೋಜನವನ್ನು ರುಜುವಾತುಪಡಿಸಬೇಕು. ಆ ಹೊಣೆಯನ್ನು ನೀವು ನಿಮ್ಮ ಮೇಲೆ ಎಳೆದುಕೊಳ್ಳುವ ಅಗತ್ಯವಿಲ್ಲ.

ಬದಲಿ ಶಿಕ್ಷೆಯ ಪ್ರಶ್ನೆಗೆ ಕಾನೂನಿನಲ್ಲಿ ಈಗಾಗಲೇ ಉತ್ತರವಿದೆ. ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ 2008ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಮರಣದಂಡನೆಯ ಬದಲಿಗೆ, ಉಳಿದ ಜೀವಮಾನವಿಡೀ ಬಿಡುಗಡೆಯಿಲ್ಲದ ಸೆರೆವಾಸವನ್ನು ವಿಧಿಸಿತು. 2015ರಲ್ಲಿ ಅದೇ ನ್ಯಾಯಾಲಯದ ಸಂವಿಧಾನ ಪೀಠವು ಅಂಥ ಶಿಕ್ಷೆಯನ್ನು ವಿಧಿಸುವ ಅಧಿಕಾರವನ್ನು ಎತ್ತಿಹಿಡಿಯಿತು. ಹೊರಗೆ ಬರುವ ಯಾವ ಆಸೆಯೂ ಇಲ್ಲದ ಸೆರೆವಾಸ ಮಾನವೀಯವೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ, ಅದನ್ನು ನಿಮ್ಮ ಬಳಗವೂ ಚರ್ಚಿಸಬೇಕು. ಆದರೆ ಕೊಲೆಗಾರನು ಹದಿನಾಲ್ಕು ವರ್ಷಕ್ಕೆ ಬಂದೇ ಬರುತ್ತಾನೆ ಎಂಬ ಮಾತು ಸರಿಯಲ್ಲ.

ಇನ್ನು ಅನುಮಾನಕ್ಕೆ ಎಡೆಯಿರುವ ಪ್ರಕರಣಗಳನ್ನು ಮಾತ್ರ ಮುಂದಿಡುತ್ತೀರಿ ಎಂಬ ಆಕ್ಷೇಪ. ಅನುಮಾನವಿದೆ ಎಂಬುದು ಶಿಕ್ಷೆಯಾಗುವ ದಿನ ಯಾರಿಗೂ ಕಾಣುವುದಿಲ್ಲ ಎಂಬುದೇ ಇಲ್ಲಿನ ತೊಡಕು. ಜಪಾನಿನ ಇವಾವೊ ಹಕಮಾದ ಅವರನ್ನು 1966ರಲ್ಲಿ ಬಂಧಿಸಿ 1968ರಲ್ಲಿ ಮರಣದಂಡನೆಗೆ ಗುರಿಪಡಿಸಿದಾಗ ನ್ಯಾಯಾಲಯಕ್ಕೆ ಅದು ಖಚಿತವಾದ ಪ್ರಕರಣವಾಗಿತ್ತು. ಕೊಲೆ ನಡೆದು ಒಂದು ವರ್ಷದ ಮೇಲೆ, ಅವರು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಸೋಯಾ ಅವರೆಯನ್ನು ಹುಳಿಯಿಸಿ ಮಿಸೊ ತಯಾರಿಸುವ ತೊಟ್ಟಿಯೊಳಗೆ ರಕ್ತದ ಕಲೆಯಿದ್ದ ಐದು ಬಟ್ಟೆಗಳು ಸಿಕ್ಕಿದ್ದವು, ಆ ಕಲೆಗಳಲ್ಲಿ ಇನ್ನೂ ಕೆಂಪು ಉಳಿದಿತ್ತು. ಅವರ ಬೆಂಬಲಿಗರು ರಕ್ತ ಹಚ್ಚಿದ ಬಟ್ಟೆಗಳನ್ನು ಮಿಸೊದಲ್ಲಿ ಹುದುಗಿಸಿಟ್ಟು ನೋಡಿದರು. ದೀರ್ಘಕಾಲ ಅದರಲ್ಲಿದ್ದ ರಕ್ತದ ಕಲೆ ಕೆಂಪಾಗಿ ಉಳಿಯದೆ ಕಪ್ಪಾಗುತ್ತದೆ ಎಂಬುದು ಆ ಪ್ರಯೋಗಗಳಿಂದ ಕಂಡುಬಂದು, ಬಣ್ಣದ ಆ ಪ್ರಶ್ನೆಯೇ ಮರುವಿಚಾರಣೆಯ ನಡುವಿನ ವಿಷಯವಾಯಿತು. 2024ರ ಸೆಪ್ಟೆಂಬರ್ 26ರಂದು, ಅವರಿಗೆ 88 ವರ್ಷವಾಗಿದ್ದಾಗ, ಸಾಕ್ಷ್ಯವನ್ನು ಸೃಷ್ಟಿಸಲಾಗಿತ್ತು ಎಂದು ಹೇಳಿ ನ್ಯಾಯಾಲಯ ಅವರನ್ನು ನಿರ್ದೋಷಿ ಎಂದು ಘೋಷಿಸಿತು. ಅಷ್ಟೂ ಕಾಲ ಅವರ ಅಕ್ಕ ಹೋರಾಟವನ್ನು ಬಿಟ್ಟಿರಲಿಲ್ಲ. ಬ್ರಿಟನ್ನಿನ ಟಿಮೊತಿ ಇವಾನ್ಸ್‌ಗೆ ಆ ಅವಕಾಶ ಸಿಗಲಿಲ್ಲ: 1950ರಲ್ಲಿ ನೇಣಿಗೇರಿಸಿ, 1966ರಲ್ಲಿ ಕ್ಷಮಾದಾನ ಕೊಟ್ಟರು. ಭಾರತದಲ್ಲಿ 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ತನ್ನದೇ ಕೆಲವು ಹಿಂದಿನ ತೀರ್ಪುಗಳು ಬಚನ್ ಸಿಂಗ್ ತತ್ವಕ್ಕೆ ವಿರುದ್ಧವಾಗಿದ್ದವೆಂದು ಹೇಳಿತು; 2012ರಲ್ಲಿ 14 ನಿವೃತ್ತ ನ್ಯಾಯಾಧೀಶರು ಆ ತೀರ್ಪುಗಳನ್ನು ಆಧರಿಸಿ ಶಿಕ್ಷೆಗೊಳಗಾದವರ ಪರವಾಗಿ ರಾಷ್ಟ್ರಪತಿಗಳಿಗೆ ಪತ್ರ ಬರೆಯುವ ಹೊತ್ತಿಗೆ ಇಬ್ಬರನ್ನು ಆಗಲೇ ಗಲ್ಲಿಗೇರಿಸಿಯಾಗಿತ್ತು.

ಜನಮತದ ಬಗ್ಗೆಯೂ ಒಂದು ಮಾತು. 1981ರಲ್ಲಿ ಫ್ರಾನ್ಸ್ ಮರಣದಂಡನೆಯನ್ನು ರದ್ದುಪಡಿಸಿದಾಗ ಜನರಲ್ಲಿ ಬಹುಮತ ಅದನ್ನು ಉಳಿಸಿಕೊಳ್ಳುವ ಪರವಾಗಿತ್ತು. 1995ರಲ್ಲಿ ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯವು ಅದನ್ನು ತೆಗೆದುಹಾಕುವಾಗ, ಹಕ್ಕುಗಳ ಪ್ರಶ್ನೆಯನ್ನು ಜನಾಭಿಪ್ರಾಯವೊಂದೇ ತೀರ್ಮಾನಿಸಲಾರದು ಎಂದಿತು. ಮಾನವ ಹಕ್ಕುಗಳ ಸಂಸ್ಥೆಯಾದ ಆಮ್ನೆಸ್ಟಿಯ ಲೆಕ್ಕದಂತೆ 1977ರಲ್ಲಿ ಎಲ್ಲ ಅಪರಾಧಗಳಿಗೂ ಮರಣದಂಡನೆಯನ್ನು ರದ್ದುಪಡಿಸಿದ್ದ ದೇಶಗಳು 16, 2024ರ ಕೊನೆಗೆ 113. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಶಿಕ್ಷೆಯ ಜಾರಿಯನ್ನು ತಡೆಹಿಡಿಯಬೇಕೆಂಬ ನಿರ್ಣಯಕ್ಕೆ 2007ರಲ್ಲಿ 104 ಮತಗಳು ಬಿದ್ದಿದ್ದವು, 2024ರಲ್ಲಿ 130. ಸಹಿಗಳ ಸಂಖ್ಯೆ ಕಡಿಮೆಯಾಯಿತೆಂದು ನಿಮ್ಮ ಬಳಗದವರು ಕುಗ್ಗಬೇಕಾಗಿಲ್ಲ.

ಉತ್ತರ: ಮಕ್ಕಳ ಹಕ್ಕು

ಎಲ್ಲಿಂದ ಆರಂಭಿಸಬೇಕೆಂದು ಕೇಳುವ ಯುವಕ ಯುವತಿಯರಿಗೆ ನಾನು ಸೂಚಿಸುವುದು ವಯಸ್ಸಿನ ಪ್ರಶ್ನೆಯನ್ನು. ಅಪರಾಧ ನಡೆದಾಗ ಹದಿನೆಂಟು ತುಂಬಿರದವರಿಗೆ ಮರಣದಂಡನೆ ವಿಧಿಸಬಾರದೆಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯ 6ನೆಯ ವಿಧಿಯೂ ಮಕ್ಕಳ ಹಕ್ಕುಗಳ ಒಡಂಬಡಿಕೆಯ 37ನೆಯ ವಿಧಿಯೂ ಹೇಳುತ್ತವೆ. ಅಮೆರಿಕದ ಸುಪ್ರೀಂ ಕೋರ್ಟ್ ಆ ಮಾತನ್ನು ಒಪ್ಪಿದ್ದು 2005ರಲ್ಲಿ, ಅದೂ ಐದಕ್ಕೆ ನಾಲ್ಕರ ಬಹುಮತದಿಂದ. ಇರಾನಿನಲ್ಲಿ ಆನಂತರವೂ ಬಾಲ್ಯದ ಅಪರಾಧಗಳಿಗೆ ಗಲ್ಲು ಮುಂದುವರಿದಿದೆ, ಮತ್ತು ಅಲ್ಲಿ ಮರಣದಂಡನೆಯ ವಿರುದ್ಧ ಅಭಿಯಾನ ನಡೆಸಿದ್ದೂ ಮಾನವ ಹಕ್ಕುಗಳ ಹೋರಾಟಗಾರ್ತಿ ನರ್ಗೆಸ್ ಮೊಹಮ್ಮದಿ ಅವರ ಸೆರೆವಾಸಕ್ಕೆ ಒಂದು ಕಾರಣವಾಯಿತು. ಅವರಿಗೆ 2023ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗಲೂ ಅವರು ಸೆರೆಮನೆಯಲ್ಲಿದ್ದರು. ಭಿತ್ತಿಪತ್ರ ಹಿಡಿದು ಬೀದಿಯಲ್ಲಿ ನಿಲ್ಲಲು ಸಾಧ್ಯವಿರುವವರು ಈ ಸ್ವಾತಂತ್ರ್ಯದ ಬೆಲೆಯನ್ನು ಅರಿತಿರಬೇಕು.

ಕಾನೂನಿನಲ್ಲಿ ನಿಷೇಧವಿದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಭಾರತದಲ್ಲಿ 1994ರ ಕೊಲೆ ಪ್ರಕರಣವೊಂದರಲ್ಲಿ ಮರಣದಂಡನೆಗೆ ಗುರಿಯಾದ ವ್ಯಕ್ತಿಯೊಬ್ಬರನ್ನು ಸರ್ವೋಚ್ಚ ನ್ಯಾಯಾಲಯ 2023ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿತು. ಘಟನೆ ನಡೆದಾಗ ಅವರ ವಯಸ್ಸು ಹನ್ನೆರಡು ದಾಟಿ ಕೆಲವು ತಿಂಗಳು ಎಂಬುದು ಶಾಲೆಯ ದಾಖಲಾತಿ ಪುಸ್ತಕದಿಂದ ತಿಳಿಯಿತು. ಆ ವೇಳೆಗೆ ಅವರು 28 ವರ್ಷಗಳಿಗೂ ಹೆಚ್ಚು ಕಾಲ ಸೆರೆಯಲ್ಲಿದ್ದರು. ಹಳ್ಳಿಶಾಲೆಯ ಕಪಾಟಿನಲ್ಲಿದ್ದ ಒಂದು ಪುಸ್ತಕದ ಒಂದು ಸಾಲನ್ನು ಯಾರಾದರೂ ಮೊದಲೇ ಹೋಗಿ ನೋಡಿದ್ದರೆ ಆ ವ್ಯಕ್ತಿಯ ಯೌವನ ಉಳಿಯುತ್ತಿತ್ತು ಎಂದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ವಯಸ್ಸಿನ ದಾಖಲೆ ಹುಡುಕುವುದು ಪ್ರತಿಭೆಯ ಕೆಲಸವಲ್ಲ, ಪ್ರಯಾಣದ ಮತ್ತು ಪಟ್ಟುಬಿಡದಿರುವ ಕೆಲಸ. ಅದನ್ನು ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಯಾರು ಮಾಡಬಲ್ಲರು?

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ನ್ಯಾಯಾಸಕ್ತೆ

ಇಷ್ಟು ಸಮಯ ಕೊಟ್ಟು ಬರೆದ ಎಲ್ಲರಿಗೂ ಕೃತಜ್ಞತೆಗಳು. ತಂದೆಯನ್ನು ಕಳೆದುಕೊಂಡ ಅಕ್ಕ, ನಿಮ್ಮ ಮಾತುಗಳನ್ನು ಬಳಗದ ಎಲ್ಲರಿಗೂ ಓದಿ ಹೇಳಿದ್ದೇನೆ. ಸಂವಾದದಲ್ಲಿ ಪ್ರಸ್ತಾಪಿಸುವ ಪ್ರತಿಯೊಂದು ಪ್ರಕರಣದಲ್ಲಿಯೂ, ಮನೆಯವರ ಒಪ್ಪಿಗೆ ಇದ್ದರೆ, ಮೊದಲು ಪ್ರಾಣ ಕಳೆದುಕೊಂಡವರ ಬಗ್ಗೆ ಮಾತನಾಡಿ ಆಮೇಲೆ ಶಿಕ್ಷೆಯ ಮಾತಿಗೆ ಬರುವುದೆಂದು ತೀರ್ಮಾನಿಸಿದ್ದೇವೆ. ಸಹಿ ಸಂಗ್ರಹವನ್ನು ಈ ವರ್ಷ ಕೈಬಿಟ್ಟಿದ್ದೇವೆ. ಅದರ ಬದಲು ನಮ್ಮ ಕಾಲೇಜಿನ ಕಾನೂನು ನೆರವು ಘಟಕದ ಮೂಲಕ ಸಂತ್ರಸ್ತರ ಪರಿಹಾರದ ಅರ್ಜಿಗಳಿಗೆ ನೆರವಾಗಲು ಅನುಮತಿ ಕೇಳಿದ್ದೇವೆ. ಕರಪತ್ರದ ವಾಕ್ಯವನ್ನು ಬೋಧಕರು ಸೂಚಿಸಿದಂತೆ ಬದಲಾಯಿಸಲಾಗಿದೆ.

ಭಿನ್ನಾಭಿಪ್ರಾಯದ ಹಿರಿಯರಿಗೆ ನೇರವಾಗಿ ಉತ್ತರಿಸುತ್ತೇನೆ. ಹೌದು, ನಾವು ಭಯೋತ್ಪಾದನೆಯ ಪ್ರಕರಣಗಳಲ್ಲಿಯೂ ಗಲ್ಲುಶಿಕ್ಷೆ ಬೇಡ ಎನ್ನುತ್ತೇವೆ. ಜನರ ಕೋಪ ಮತ್ತು ಒತ್ತಡ ಅತಿ ಹೆಚ್ಚಾಗಿರುವ ಪ್ರಕರಣಗಳಲ್ಲಿಯೇ ತನಿಖೆ ಅವಸರದ್ದಾಗುವ ಸಂಭವ ಹೆಚ್ಚು ಎಂಬುದು ನಮ್ಮ ಕಾರಣ. ಕೃತ್ಯಗಳ ನಡುವಿನ ಅಂತರವನ್ನು ಶಿಕ್ಷೆಯ ಅವಧಿಯಲ್ಲಿ ತೋರಿಸಲು ಸಾಧ್ಯವಿದೆ ಎಂದು ನಾವು ನಂಬುತ್ತೇವೆ. ಅಕ್ಟೋಬರ್ 10ರ ಸಂವಾದದಲ್ಲಿ ಎದುರು ಪಕ್ಷವನ್ನು ಮಂಡಿಸಲು ನೀವು ಬರುವುದಾದರೆ ವೇದಿಕೆಯಲ್ಲಿ ನಮ್ಮಷ್ಟೇ ಸಮಯವನ್ನು ನಿಮಗೂ ಮೀಸಲಿಡುತ್ತೇವೆ.

ಹಳೆಯ ವಕೀಲರಲ್ಲಿ ಇನ್ನೊಂದು ವಿಚಾರಣೆ: ಬಳಗದ ಕೆಲವರು ಮರಣದಂಡನೆಗೆ ಗುರಿಯಾದ ಕೈದಿಗಳಿಗೆ ಪತ್ರ ಬರೆಯಬೇಕೆಂದಿದ್ದಾರೆ. ಇದಕ್ಕೆ ಏನಾದರೂ ಎಚ್ಚರಿಕೆ ಬೇಕೇ?

ಉತ್ತರ: ಹಳೆಯ ವಕೀಲ

ಬರೆಯಿರಿ, ಆದರೆ ಮೂರು ಸಂಗತಿಗಳನ್ನು ನೆನಪಿಡಿ. ಪತ್ರಗಳನ್ನು ಸೆರೆಮನೆಯ ಅಧಿಕಾರಿಗಳು ಓದುತ್ತಾರೆ, ಆದ್ದರಿಂದ ಪ್ರಕರಣದ ಸಂಗತಿಗಳನ್ನು ಕೇಳಲೂಬೇಡಿ, ಬರೆಯಲೂಬೇಡಿ. ಮೇಲ್ಮನವಿ ಬಾಕಿ ಇರುವಾಗ ಒಂದು ಅಜಾಗರೂಕ ವಾಕ್ಯವೂ ತೊಂದರೆ ತರಬಹುದು. ಮೊದಲ ಪತ್ರಕ್ಕೆ ಮುಂಚೆ ಕೈದಿಯ ವಕೀಲರಿಗೆ ತಿಳಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮನ್ನು ಬಿಡಿಸುತ್ತೇವೆ ಎಂಬ ಭರವಸೆ ಕೊಡಬೇಡಿ, ಮತ್ತು ಪರೀಕ್ಷೆಯ ಕಾಲ ಬಂತೆಂದು ನಡುವೆ ನಿಲ್ಲಿಸಬೇಡಿ. ಒಬ್ಬರು ನಿಲ್ಲಿಸಬೇಕಾಗಿ ಬಂದರೆ ಇನ್ನೊಬ್ಬರು ಮುಂದುವರಿಸುವ ಏರ್ಪಾಡು ಆಗುವವರೆಗೆ ಮೊದಲ ಪತ್ರವನ್ನು ಬರೆಯದಿರುವುದೇ ಒಳ್ಳೆಯದು.